ಕೃಪಾಂಕ ಕೊಡದ ಕಿವಿ

ಅಂಕ ಕೊಡುವುದರಲ್ಲಿ ನಾನು ಜಿಪುಣಿ ಎಂದು ಗುಬ್ಬಿಯಲ್ಲಿ ಅರ್ಧ ಊರು ಹೇಳುತ್ತದೆ. ಹೇಳಲಿ. ಮೂವತ್ತೈದಕ್ಕೆ ಪಾಸಾಗುವ ಪತ್ರಿಕೆಯಲ್ಲಿ ಮೂವತ್ತು ಬಂದರೆ ನಾನು ಮೂವತ್ತೇ ಬರೆಯುತ್ತಿದ್ದೆ. "ಏನ್ ಮೇಡಂ, ಐದು ಕೃಪಾಂಕ ಹಾಕಿದ್ರೆ ನಿಮ್ ಗಂಟೇನ್ ಹೋಗುತ್ತೆ?" ಎಂದು ಹೆಡ್‌ಮಾಸ್ಟರು ಗೊಣಗುತ್ತಿದ್ದರು. ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದನ್ನು ಊರಲ್ಲಿ ಒಬ್ಬರಾದರೂ ನೇರವಾಗಿ ಹೇಳಬೇಕಲ್ಲ. ಇಂಥ ಸ್ವಭಾವದವಳು ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕಿವಿಯ ಔಷಧಿ ಪ್ರಯೋಗಕ್ಕೆ ಸೇರಿಕೊಂಡೆ. ಅಲ್ಲಿ ನಡೆದ ಗಲಾಟೆಗೆಲ್ಲ ಈ ಸ್ವಭಾವವೇ ಕಾರಣ, ಮತ್ತು ಅದಕ್ಕಾಗಿ ನಾನು ಇವತ್ತಿಗೂ ಯಾರ ಕ್ಷಮೆಯನ್ನೂ ಕೇಳಿಲ್ಲ.

ನನ್ನ ಕಿವಿಯೊಳಗೆ ಸದ್ದು ಶುರುವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ದೊಡ್ಡ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದೆ. ದಿನಾ ಎರಡು ಹೊತ್ತು ಇಂಜೆಕ್ಷನ್. ಜ್ವರ ಇಳಿದು ಮನೆಗೆ ಬಂದ ದಿನ ಬೆಳಿಗ್ಗೆ ಯಾರೋ ಸ್ಲೇಟಿನ ಮೇಲೆ ಗಟ್ಟಿ ಬಳಪದಿಂದ ಗೀಟು ಎಳೆಯುತ್ತಿರುವ ಹಾಗೆ ಕೇಳಿಸಿತು. ಮಕ್ಕಳು ಎಳೆದರೆ ಗೀಟು ಎಲ್ಲೋ ಒಂದು ಕಡೆ ಮುಗಿಯುತ್ತದೆ. ಇದು ಮುಗಿಯಲಿಲ್ಲ. ನಮ್ಮ ಮನೆಯವರನ್ನು "ನಿಮಗೂ ಕೇಳಿಸ್ತಿದೆಯಾ?" ಎಂದು ಕೇಳಿದೆ. ಅವರು ಕತ್ತು ಓರೆ ಮಾಡಿ ಆಲಿಸಿದರು. ಮಾರ್ಕೆಟ್ ರಸ್ತೆಯಲ್ಲಿ ಅವರದು ಚಪ್ಪಲಿ ಅಂಗಡಿ. ಗಿರಾಕಿ ಹೇಳಿದ್ದನ್ನೆಲ್ಲ ಆಲಿಸುವ ಅಭ್ಯಾಸವಿದೆ. "ಏನೂ ಇಲ್ಲ" ಎಂದು ಹೇಳಿ ಅಂಗಡಿಗೆ ಹೊರಟರು. ಅವತ್ತು ಆಡಿದ ಆ ಎರಡು ಮಾತಿಗೇ ಅವರು ಮುಂದೆ ವರ್ಷಗಟ್ಟಲೆ ಅಂಟಿಕೊಂಡರು.

ಹೊರಗೆ ಕಾಣದ ಕಾಯಿಲೆಯನ್ನು ಬೇರೆಯವರಿಗೆ ತೋರಿಸುವುದು ಹೇಗೆ? ಕೈ ಮುರಿದರೆ ಬ್ಯಾಂಡೇಜಿದೆ, ಜ್ವರಕ್ಕೆ ಥರ್ಮಾಮೀಟರಿದೆ. ನನ್ನದಕ್ಕೆ ನನ್ನ ಬಾಯಿ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಅತ್ತೆ ದರ್ಗಾದಿಂದ ತಾಯಿತ ತಂದು ಕಟ್ಟಿದರು. ಪಕ್ಕದ ಮನೆಯ ಗೌಡರ ಹೆಂಗಸು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ಕಿವಿಯಿಂದ ಒಗ್ಗರಣೆ ವಾಸನೆ ಬಂತೇ ಹೊರತು ಸದ್ದು ಹೋಗಲಿಲ್ಲ. "ಬೆಟ್ಟದ್ ಮೇಲೆ ತಣ್ಣಗಿರುತ್ತೆ, ಒಂದಿವ್ಸ ಹೋಗ್ಬರಾಣ ಬನ್ನಿ ಅಕ್ಕ, ಮನಸ್ಸಿಗೆ ಒಳ್ಳೇದು" ಎಂದು ಅವರೇ ನನ್ನನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದರು. ಅವರು ನರಸಿಂಹಸ್ವಾಮಿಗೆ ಪೂಜೆ ಮಾಡಿಸಲು ಒಳಗೆ ಹೋದರು, ನಾನು ಹೊರಗೆ ಬಂಡೆಯ ಮೇಲೆ ಕೂತೆ. ಗಾಳಿಯೂ ನಿಂತಿತ್ತು. ಸುತ್ತಲೂ ನಿಶ್ಶಬ್ದ ಹೆಚ್ಚಾದಷ್ಟೂ ನನ್ನ ಬಳಪ ಜೋರಾಗಿ ಗೀಚಿತು. ಅಷ್ಟು ಚೆಂದದ ಜಾಗದಿಂದ ನಾನು ಓಡಿಹೋಗುವವಳ ಹಾಗೆ ಇಳಿದು ಬಂದೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಂತ ಮೇಲೆಯೇ ಜೀವಕ್ಕೆ ಸ್ವಲ್ಪ ಸಮಾಧಾನ ಆದದ್ದು.

ಹಾಗಾಗಿ ಮನೆಯಲ್ಲಿ ಫ್ಯಾನಿನ ಜಗಳ. ಮಲಗುವಾಗ ಏನಾದರೂ ಒಂದು ಸದ್ದು ಬೇಕು ನನಗೆ. ಡಿಸೆಂಬರಿನ ಚಳಿಯಲ್ಲೂ ಟೇಬಲ್ ಫ್ಯಾನನ್ನು ಗೋಡೆ ಕಡೆ ತಿರುಗಿಸಿ ಹಾಕಿಕೊಳ್ಳುತ್ತಿದ್ದೆ. ಮನೆಯವರು ಎರಡು ಕಂಬಳಿ ಹೊದ್ದು ಗೊಣಗುತ್ತಿದ್ದರು. "ಅದು ನಿನ್ನ ಕಿವೀಲಿಲ್ಲ, ತಲೇಲಿದೆ" ಎನ್ನುತ್ತಿದ್ದರು. ತಲೆಯಲ್ಲಿದ್ದರೂ ಅದು ನನ್ನದೇ ತಲೆ ತಾನೇ ಎಂದು ನಾನು ತಿರುಗಿ ಕೊಡುತ್ತಿದ್ದೆ. ನಮ್ಮ ಮನೆಯ ಮಾತು ಉರ್ದು. ಆ ಜಗಳವನ್ನು ಕನ್ನಡದಲ್ಲಿ ಬರೆದರೆ ಅದರ ಖಾರ ಅರ್ಧ ಇಳಿಯುತ್ತದೆ. ಆದರೂ ಬರೆಯುತ್ತಿದ್ದೇನೆ.

ಎರಡು ಸಾವಿರ ಇಸವಿ ದಾಟಿದ ಮೇಲೆ, ತುಮಕೂರಿನಲ್ಲಿ ಕಿವಿಯ ಡಾಕ್ಟರೊಬ್ಬರು ಕಿವಿ ಗುಯ್‌ಗುಡುವುದಕ್ಕೆ ಹೊಸ ಮಾತ್ರೆಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ, ಜನ ಬೇಕಂತೆ, ಎಂದು ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ಸುದ್ದಿ ತಂದರು. ಶನಿವಾರ ಮಾರ್ನಿಂಗ್ ಸ್ಕೂಲ್ ಮುಗಿಸಿ ಬಸ್ಸು ಹತ್ತಿದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಮೆದು ಮಾತು. ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದ ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ತಮಗೂ ಗೊತ್ತಿರುವುದಿಲ್ಲ, ಪ್ರಯೋಗ ಮಾಡಿಸುತ್ತಿರುವ ಬೆಂಗಳೂರಿನವರಿಗೆ ಮಾತ್ರ ಗೊತ್ತು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ನನಗೆ ಇಷ್ಟವಾದದ್ದು ಇದಾವುದೂ ಅಲ್ಲ. "ಸದ್ದು ಹೇಗಿರುತ್ತೆ, ಹೇಳಿ ಮೇಡಂ" ಎಂದು ಕೇಳಿ, ನಾನು ಹೇಳುವವರೆಗೂ ಅವರು ಸುಮ್ಮನೆ ಕೂತಿದ್ದರು. ಅಷ್ಟು ವರ್ಷಗಳಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ನನಗೆ ಅಳು ಬಂತು, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮನೆಯವರು ಸಿಟ್ಟಿನಿಂದ ಕುಣಿದಾಡಿದರು. "ಇಲಿಗೆ ಕೊಡೋದನ್ನ ನೀನು ತಿಂತೀಯಾ?" ಅತ್ತೆ ಕೂಡ ಮುಖ ಊದಿಸಿಕೊಂಡರು. ನಾನು ಅವರಿಬ್ಬರ ಎದುರೇ ಮೊದಲ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, ಸ್ಕೂಲಿಗೆ ಹೊರಟೆ.

ತಿಂಗಳಿಗೆ ಎರಡು ಸಲ ಹೋಗಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವುದು, ಆಮೇಲೆ ಡಾಕ್ಟರ ಮುಂದೆ ಕೂತು ಅಂಕ ಹೇಳುವುದು. ಸದ್ದು ಇಲ್ಲವೇ ಇಲ್ಲ ಅಂದರೆ ಸೊನ್ನೆ, ತಡೆಯಲಾಗದಷ್ಟು ಜೋರು ಅಂದರೆ ಹತ್ತು. ಮೊದಲ ದಿನ ನಾನು ಯೋಚನೆ ಮಾಡಿ ಎಂಟು ಎಂದೆ. ಅಂಕ ಕೊಡುವ ಕೆಲಸ ನನಗೆ ಹೊಸದಲ್ಲ.

ಅಲ್ಲಿ ನನ್ನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದವರು ಮುಖ್ಯವಾಗಿ ಇಬ್ಬರು. ಒಬ್ಬರು ಅಮೃತೂರಿನ ಡ್ರೈವರ್. ಅಮೃತೂರು-ಕುಣಿಗಲ್ ಪ್ರೈವೇಟ್ ಬಸ್ಸಿನಲ್ಲಿ ಇಂಜಿನ್ನಿನ ಪಕ್ಕ ಕೂತೂ ಕೂತೂ ಎಡಗಿವಿ ಹಾಳು ಮಾಡಿಕೊಂಡವರು. ಇನ್ನೊಬ್ಬರು ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಪ್ರೆಸ್ ಮಶೀನಿನವರು; ಅವರಿಗೆ ಎರಡೂ ಕಿವಿ. ಮೂವರಿಗೂ ಸ್ವಲ್ಪ ಮಂದ, ಹಾಗಾಗಿ ನಮ್ಮ ಹರಟೆ ರಸ್ತೆಯವರೆಗೂ ಕೇಳುತ್ತಿತ್ತು. "ಸುಳ್ ಮಾತ್ರೆ ಕೊಡಕ್ಕೆ ಬಸ್ ಚಾರ್ಜ್ ಬೇರೆ ಕೊಡ್ತಾರಲ್ಲ ಮೇಡಂ, ಎಂಥಾ ಜನ ಇವ್ರು!" ಎಂದು ಡ್ರೈವರ್ ನಗುತ್ತಿದ್ದರು. ಯಾರ ಕಿವಿ ಹೇಗೆ ಕೂಗುತ್ತದೆ ಎಂದು ಅಣಕಿಸಿ ತೋರಿಸುವ ಸ್ಪರ್ಧೆಯೂ ನಡೆಯುತ್ತಿತ್ತು. ಡ್ರೈವರದ್ದು ಹಾಲು ಕಾಯಿಸುವ ಪಾತ್ರೆಯ ಸೀಟಿ. ಫ್ಯಾಕ್ಟರಿಯವರದ್ದು ಬೋರ್‌ವೆಲ್ ಮೋಟರ್. ನರ್ಸು ಬಂದು ಗದರುವವರೆಗೂ ನಾವು ನಕ್ಕಿದ್ದೇ ನಕ್ಕಿದ್ದು. ನನ್ನ ಸದ್ದಿನ ಬಗ್ಗೆ ನಾನು ನಕ್ಕ ಜಾಗ ಅದೊಂದೇ.

ಇನ್ನು ಇಡ್ಲಿಯ ವಿಷಯ. ರಕ್ತ ಕೊಟ್ಟು ಸುಸ್ತಾಗಿ ಕೂತವರಿಗೆ ಆಸ್ಪತ್ರೆಯವರು ಬಿಸ್ಕೆಟ್ ಕೊಡಬೇಕಿತ್ತಂತೆ. ಡಾಕ್ಟರಿಗೆ ಅದು ಸರಿ ಕಾಣಲಿಲ್ಲ. ದೂರದಿಂದ ಬಂದವರು ಎಂದು ತಮ್ಮ ಕೈಯಿಂದ ಹಣ ಹಾಕಿ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸುತ್ತಿದ್ದರು, ಮೇಲೆ ಬೆಣ್ಣೆ. ತಾವೇ ನಿಂತು "ಇನ್ನೊಂದು ಹಾಕಿಸ್ಕೊಳಿ" ಎಂದು ಬಲವಂತ ಮಾಡುತ್ತಿದ್ದರು. ತಿಂದು ಕೈ ತೊಳೆದ ಮೇಲೆ ಒಬ್ಬೊಬ್ಬರನ್ನೇ ಕರೆದು ಸದ್ದು ಎಷ್ಟಿದೆ ಎಂದು ಕೇಳುತ್ತಿದ್ದರು.

ನಮ್ಮ ಕಡೆಯ ಜನಕ್ಕೆ ಹೀಗೆ ಕೇಳಿದರೆ ಏನಾಗುತ್ತದೆ? ಬಡಿಸಿದವರು ಎದುರಿಗೆ ನಿಂತು ಹೇಗಿತ್ತು ಎಂದು ಕೇಳಿದರೆ ಉಪ್ಪು ಕಡಿಮೆ ಎಂದು ಹೇಳುವವರು ತುಮಕೂರು ಜಿಲ್ಲೆಯಲ್ಲೇ ಇಲ್ಲ. ಬೆಂಚಿನ ಮೇಲೆ "ಅಯ್ಯೋ, ಈ ವಾರ ತಲೆನೇ ಹೊಡ್ದೋಗಂಗೆ ಕೂಗ್ತು" ಎನ್ನುತ್ತಿದ್ದ ಡ್ರೈವರ್, ಒಳಗೆ ಹೋಗಿ "ಪರವಾಗಿಲ್ಲ ಸಾರ್, ನಿಮ್ ದಯದಿಂದ ಐದಕ್ಕೆ ಬಂದೈತೆ" ಎಂದು ಬಂದರು. ಫ್ಯಾಕ್ಟರಿಯವರದ್ದು ಏಳು ಇದ್ದದ್ದು ನಾಲ್ಕಾಯಿತು. ಬಾಗಿಲು ತೆರೆದೇ ಇರುತ್ತಿತ್ತು, ನಮಗೆ ಕೇಳುವ ಹಾಗೆ ಎಲ್ಲರೂ ಕೂಗಿ ಮಾತಾಡುತ್ತಿದ್ದರು, ಮುಚ್ಚುಮರೆ ಏನಿರಲಿಲ್ಲ. ಡಾಕ್ಟರ ಮುಖ ಅರಳುವುದು ಹೊರಗಿನಿಂದಲೇ ಕಾಣುತ್ತಿತ್ತು. ಎಲ್ಲರೂ ಕೃಪಾಂಕ ಹಾಕುತ್ತಿದ್ದರು.

ನನ್ನ ಸರದಿ ಬಂದಾಗ ನಾನು ಎಂಟು ಎಂದೆ. ಮುಂದಿನ ಸಲವೂ ಎಂಟು. ಡಾಕ್ಟರು ನೋವಿನಿಂದ ನಕ್ಕರು. "ಒಂಚೂರೂ ಇಲ್ವಾ ಮೇಡಂ?" ಎಂದು ಕೇಳಿದರು. "ಇಲ್ಲ. ಮತ್ತೆ ನೀವು ಮೊದಲು ಅಂಕ ಕೇಳಿ, ಆಮೇಲೆ ಇಡ್ಲಿ ಕೊಡಿ. ಇಡ್ಲಿಗೆ ಮೊದಲು ಏಳಿದ್ದದ್ದು ಇಡ್ಲಿ ಆದ ಮೇಲೆ ನಾಲ್ಕಾಗ್ತಿದೆ" ಎಂದು ನೇರವಾಗಿ ಹೇಳಿಬಿಟ್ಟೆ. ಅವರ ಮುಖ ಬಾಡಿತು. ನನಗೂ ಕಷ್ಟವಾಯಿತು, ಯಾಕೆಂದರೆ ಅವತ್ತು ನಾನೂ ಎರಡು ಇಡ್ಲಿ ಹೊಡೆದಿದ್ದೆ.

ಹೊರಗೆ ಬಂದರೆ ಡ್ರೈವರ್ ನನ್ನ ಮೇಲೆ ಹರಿಹಾಯ್ದರು.

"ಏನ್ ಮೇಡಂ ನೀವು! ಮಗನ್ ಥರ ನೋಡ್ಕೋತಾರೆ ಅವ್ರು. ಮುಖಕ್ಕೆ ಹೊಡ್ದಂಗೆ ಇಳ್ದಿಲ್ಲ ಅಂದ್ರೆ ಹೆಂಗೆ?"

"ನಿಮಗೆ ಇಳಿದಿದೆಯಾ?"

ಅವರು ಆಚೀಚೆ ನೋಡಿದರು. ಮೊದಲ ಬಾರಿಗೆ ದನಿ ತಗ್ಗಿಸಿದರು. "ಎಲ್ಲಿ ಇಳೀತದೆ ಬುಡಿ. ಜಾಸ್ತಿನೇ ಆಗೈತೆ. ಆದ್ರೆ ಇಳ್ದಿಲ್ಲ ಇಳ್ದಿಲ್ಲ ಅಂತ ಎಲ್ರೂ ಅಂದ್ರೆ ಇದ್ನ ಮುಚ್ಕೊಂಡು ಹೋಗ್ತಾರೆ. ಆಮೇಲೆ ನಮ್ ಕಿವಿ ಹೆಂಗಿದೆ ಅಂತ ಯಾವನ್ ಕೇಳ್ತಾನೆ ಕಣಮ್ಮ?"

ಅವರು ಹೇಳಿದ್ದು ಇಡ್ಲಿಯ ಮಾತಲ್ಲ ಎಂದು ನನಗೆ ಅರ್ಥವಾಯಿತು. ನನಗೂ ಆ ಬೆಂಚು ಬೇಕಿತ್ತು. ಆದರೆ ಸುಳ್ಳು ಅಂಕ ಕೊಟ್ಟು ಉಳಿಸಿಕೊಂಡ ಬೆಂಚಿನ ಮೇಲೆ ನಾನು ಕೂರಲಾರೆ ಎಂದು ಹೇಳಿದೆ. "ನೀವು ಟೀಚರ್‌ಗಳೆಲ್ಲ ಹಿಂಗೇ" ಎಂದು ಹೇಳಿ ಅವರು ಕುಣಿಗಲ್ ಬಸ್ಸು ಹಿಡಿಯಲು ಹೊರಟರು. ಮುಂದಿನ ಸಲ ನನ್ನಿಂದ ಸ್ವಲ್ಪ ದೂರ ಕೂತರು.

ಮನೆಯಲ್ಲಿ ಬೇರೆಯೇ ಕಥೆ. ಮಾತ್ರೆ ಮುಗಿಯುತ್ತ ಬಂದ ಹಾಗೆ ಮನೆಯವರು ದಿನಾ ಕೇಳತೊಡಗಿದರು. ಇಳಿಯಿತಾ? ಇಲ್ಲ. "ಅಷ್ಟು ದೊಡ್ಡ ಡಾಕ್ಟರು, ಅಷ್ಟು ಮಾತ್ರೆ, ಬೇರೆಯವರೆಲ್ಲ ಇಳಿದಿದೆ ಅಂತಾರೆ ಅಂತ ನೀನೇ ಹೇಳ್ತೀಯ. ನಿನಗೆ ಮಾತ್ರ ಇಳಿದಿಲ್ಲ ಅಂದರೆ ನಿನಗೆ ಇಳಿಯೋದು ಬೇಡ." ಎಂಥ ತರ್ಕ ನೋಡಿ! ಇಷ್ಟು ವರ್ಷ ಸದ್ದೇ ಇಲ್ಲ ಎಂದವರು, ಈಗ ಸದ್ದನ್ನು ನಾನೇ ಬೇಕೆಂದು ಸಾಕಿಕೊಂಡಿದ್ದೇನೆ ಎನ್ನುತ್ತಿದ್ದರು. ಅತ್ತೆ ಒಂದು ಸಂಜೆ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಅವರು ಕೆಟ್ಟವರಲ್ಲ. "ಕಡಿಮೆ ಆಯ್ತು ಅಂತ ಒಂದು ಸಲ ಹೇಳಿಬಿಡು ಬೇಟಿ. ಅವನೂ ನೆಮ್ಮದಿಯಾಗಿರ್ತಾನೆ, ಮನೆಯೂ ತಣ್ಣಗಿರುತ್ತೆ" ಎಂದರು.

ಆ ಮಾತು ನನ್ನನ್ನು ಅಲುಗಾಡಿಸಿತು. ಕೊನೆಯ ಸಲ ತುಮಕೂರಿಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾಲ್ಕು ಎಂದು ಬಾಯೊಳಗೇ ಹೇಳಿ ನೋಡಿದೆ. ಎಷ್ಟು ಸಲೀಸಾದ ಮಾತು. ಡಾಕ್ಟರಿಗೆ ಖುಷಿ, ಡ್ರೈವರಿಗೆ ಖುಷಿ, ಮನೆಯಲ್ಲಿ ಹಬ್ಬ. ಆದರೆ ನಾನು ಒಮ್ಮೆ ನಾಲ್ಕು ಎಂದರೆ ಆ ಸದ್ದು ಎಲ್ಲರ ಪಾಲಿಗೂ ಮುಗಿದುಹೋಗುತ್ತದೆ, ನನ್ನೊಬ್ಬಳಿಗೆ ಬಿಟ್ಟು. ಆಮೇಲೆ ಫ್ಯಾನ್ ಹಾಕುವ ಹಕ್ಕೂ ಇಲ್ಲ, ತಲೆ ಹಿಡಿದು ಕೂರುವ ಹಕ್ಕೂ ಇಲ್ಲ. ವಾಸಿಯಾಯಿತು ಎಂದು ನೀನೇ ಹೇಳಿದೆಯಲ್ಲ ಎನ್ನುತ್ತಾರೆ. ಪಕ್ಕದ ಸೀಟಿನಲ್ಲಿ ಮನೆಯವರು ಕಣ್ಣು ಮುಚ್ಚಿ ಕೂತಿದ್ದರು. ಕೊನೆಯ ಭೇಟಿಗೆ ಮನೆಯ ಒಬ್ಬರು ಬರಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅಂಗಡಿ ಮುಚ್ಚಿ ಬಂದಿದ್ದರು, ಅದಕ್ಕೂ ನನ್ನ ಮೇಲೇ ಸಿಟ್ಟು.

ಅವತ್ತು ಬೆಂಗಳೂರಿನಿಂದ ದೊಡ್ಡ ಡಾಕ್ಟರು ಬಂದಿದ್ದರು. ಕೂದಲು ಬೆಳ್ಳಗೆ, ಮಾತು ಚುಟುಕು. ಮೊದಲಿನಿಂದ ಕೊನೆಯವರೆಗೂ ಒಂದೇ ಅಂಕ ಹೇಳಿದವಳು ನಾನೊಬ್ಬಳೇ ಆದ್ದರಿಂದ ಅವರಿಗೆ ನನ್ನ ಮೇಲೆ ಅನುಮಾನ. "ಇವತ್ತು ಎಷ್ಟು?" ಎಂದರು. ಬಾಯಿ ತೆರೆದೆ. ನಾಲ್ಕು ನಾಲಿಗೆಯ ತುದಿಯಲ್ಲೇ ಇತ್ತು. ಎಂಟು ಎಂದೆ.

"ಟೀಚರ್ಸ್ ಸ್ವಲ್ಪ ಸೆನ್ಸಿಟಿವ್. ಟೆನ್ಶನ್ ಜಾಸ್ತಿ" ಎಂದು ಅವರು ಚಿಕ್ಕ ಡಾಕ್ಟರಿಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಆಮೇಲೆ ಮನೆಯವರ ಕಡೆ ತಿರುಗಿದರು. ಮನೆಯವರು ಗಿರಾಕಿಗೆ ನಗುವ ಹಾಗೆ ನಕ್ಕು, "ಇವ್ಳಿಗೆ ಸ್ವಲ್ಪ ಹಠ ಜಾಸ್ತಿ ಸಾರ್. ನೀವೇನ್ ತಲೆ ಕೆಡಿಸ್ಕೋಬೇಡಿ" ಎಂದರು.

ನನ್ನ ಮೈ ಉರಿದುಹೋಯಿತು. "ನಾನು ಸುಳ್ಳು ಹೇಳ್ತಿದೀನಿ ಅಂತಾದ್ರೆ ಪರೀಕ್ಷೆ ಮಾಡಿ. ನಿಮ್ಮ ಹತ್ರ ಏನೇನ್ ಮಶೀನ್ ಇದೆಯೋ ಎಲ್ಲ ತನ್ನಿ. ಫೇಲಾದ್ರೆ ನಾನೇ ಸೊನ್ನೆ ಅಂತ ಬರ್ಕೊಡ್ತೀನಿ" ಎಂದೆ. ಸ್ಕೂಲಿನಲ್ಲಿ ಹಿಂದಿನ ಬೆಂಚಿನವರೆಗೂ ಮುಟ್ಟಬೇಕಾದ ದನಿ ಅದು, ಆಸ್ಪತ್ರೆ ಪೂರ್ತಿ ಕೇಳಿರಬೇಕು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ. "ಆಯ್ತು, ಬನ್ನಿ" ಎಂದರು.

ಒಳಗೆ ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆದ ಸಣ್ಣ ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿದರು. ಚಿಕ್ಕ ಡಾಕ್ಟರು ಹೊರಗೆ ಮಶೀನಿನ ಗುಂಡಿ ತಿರುಗಿಸುತ್ತಿದ್ದರು. ಗಾಜಿನಾಚೆ ಅವರ ಮುಖ ಮಾತ್ರ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ನನ್ನೊಳಗಿನ ಸದ್ದಿಗೆ ಹೊಂದುವ ಸದ್ದು ಬಂದಾಗ ಕೈ ಎತ್ತಬೇಕು. ದಪ್ಪ ಸದ್ದು ಬಂತು. ಇದಲ್ಲ ಎಂದು ಕೈ ಆಡಿಸಿದೆ. ಇನ್ನೂ ತೆಳು. ಇದೂ ಅಲ್ಲ. ಇನ್ನೂ ಮೇಲೆ. ಹೀಗೇ ಬರುತ್ತ ಬರುತ್ತ ಒಂದು ಸದ್ದು ಬಂದು ನನ್ನ ಸದ್ದಿನ ಮೇಲೆ ಸರಿಯಾಗಿ ಕೂತುಕೊಂಡಿತು. ಎರಡರಲ್ಲಿ ಯಾವುದು ನನ್ನದು, ಯಾವುದು ಮಶೀನಿನದು ಎಂದು ಬೇರೆ ಮಾಡಲಾಗಲಿಲ್ಲ. ಕೈ ಎತ್ತಿದೆ. ಎಷ್ಟು ಜೋರು ಎಂದೂ ಅದೇ ರೀತಿ ಹೊಂದಿಸಿದರು. ಆಮೇಲೆ ಎಲ್ಲ ಕಲಸಿ ಮತ್ತೆ ಮೊದಲಿಂದ. ಮೋಸ ಮಾಡಲು ಮಧ್ಯೆ ಮಧ್ಯೆ ಬೇರೆ ಸದ್ದು ತೂರಿಸಿದರು. ನಾನು ಪ್ರತಿ ಸಲವೂ ಕೈ ಎತ್ತಿದ್ದು ಅದೇ ಜಾಗದಲ್ಲಿ. ಹೊರಗೆ ಬಂದಾಗ ದೊಡ್ಡ ಡಾಕ್ಟರು "ಎಂಟೇ ಬರೀರಿ" ಎಂದು ಚಿಕ್ಕವರಿಗೆ ಹೇಳಿದರು. ನನ್ನ ಕಡೆ ತಿರುಗಿ, "ಸಾರಿ ಮೇಡಂ. ಎಲ್ರೂ ನಿಮ್ಮಂಗೆ ಹೇಳಿದ್ರೆ ನಮ್ ಕೆಲ್ಸ ನೆಟ್ಟಗಾಗ್ತಿತ್ತು" ಎಂದರು.

ಬಾಗಿಲ ಬಳಿ ನಿಂತಿದ್ದ ಡ್ರೈವರ್ ಕೆಮ್ಮಿದರು. "ಸಾರ್, ನಂದೂ ಒಂಚೂರು ತಿದ್ಕೊಳಿ. ಐದಲ್ಲ ಅದು, ಒಂಬತ್ತು. ಇಡ್ಲಿ ಮಾತ್ರ ಚೆನ್ನಾಗಿತ್ತು, ಅದ್ರಲ್ಲಿ ಸುಳ್ಳಿಲ್ಲ." ಚಿಕ್ಕ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತು, ಆಮೇಲೆ ನಕ್ಕುಬಿಟ್ಟರು.

ಆ ಔಷಧಿ ಅಂಗಡಿಗೆ ಬರಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು ಎಂದು ಕೆಲವು ತಿಂಗಳ ಮೇಲೆ ಡಾಕ್ಟರೇ ತಿಳಿಸಿದರು. ನನಗೆ ಸಿಕ್ಕಿದ್ದು ನಿಜದ ಮಾತ್ರೆಯೋ ಸುಳ್ಳಿನದೋ ನಾನು ಕೇಳಲಿಲ್ಲ. ಯಾವುದಾದರೇನು, ಸದ್ದು ಇದೆ. ಇದನ್ನು ಬರೆಯುತ್ತಿರುವಾಗಲೂ ಇದೆ. ಬೆಂಚಿನವರು ಆಮೇಲೆ ಸಿಗಲಿಲ್ಲ, ಅದರ ಬೇಸರವೂ ಇದೆ. ಆದರೆ ನಾನು ಆ ಪ್ರಯೋಗಕ್ಕೆ ಸೇರಿದ್ದು ದಂಡ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಯಾಕೆ ಎಂದರೆ ಅವತ್ತು ಹೊರಡುವ ಮೊದಲು ಇನ್ನೊಂದು ನಡೆಯಿತು.

ಮನೆಯವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಚಿಕ್ಕ ಡಾಕ್ಟರಿಗೆ, ಸಾರ್, ಮಶೀನ್ ಆರಿಸಬೇಡಿ, ಅದೇ ಸದ್ದು, ಅಷ್ಟೇ ಜೋರು, ಇವರಿಗೊಂದು ಸಲ ಕೇಳಿಸಿ ಎಂದೆ. ಮನೆಯವರು ಬೇಡ, ಬಸ್ಸಿಗೆ ಹೊತ್ತಾಯಿತು ಎಂದರು. ಬಸ್ಸು ಇನ್ನೊಂದು ಬರುತ್ತದೆ ಎಂದೆ. ಹೆಂಡತಿ ಹೇಳಿದ್ದಕ್ಕಲ್ಲ, ಇಬ್ಬರು ಡಾಕ್ಟರು ನೋಡುತ್ತಿದ್ದಾರಲ್ಲ ಎಂದು ಅವರು ಮೆತ್ತೆಯ ಕೋಣೆಯೊಳಗೆ ಬಂದು ಕೂತರು. ಹೆಡ್‌ಫೋನನ್ನು ನಾನೇ ಹಾಕಿದೆ.

ಡಾಕ್ಟರು ಗುಂಡಿ ಒತ್ತಿದರು. ಮನೆಯವರ ಮುಖದ ಮೇಲಿದ್ದ ನಗು ಮೊದಲು ಹೋಯಿತು. ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತು ತಡೆದುಕೊಂಡು ಕೂತರು. ಆಮೇಲೆ ಗಾಜಿನ ಕಡೆ ನೋಡಿ "ಸಾಕು ಸಾರ್" ಎಂದು ಹೆಡ್‌ಫೋನ್ ತೆಗೆಯಲು ಕೈ ಎತ್ತಿದರು.

ನಾನು ಅವರ ಹಿಂದೆ ನಿಂತಿದ್ದೆ. ಎರಡೂ ಕೈಯಿಂದ ಅದನ್ನು ಅವರ ಕಿವಿಗೆ ಒತ್ತಿ ಹಿಡಿದೆ, ಬಿಡಲಿಲ್ಲ.